ಬಸ್ಸು ಬಂತು, ಚಿಕ್ಕಮ್ಮ ಬರಲಿಲ್ಲ

ಚನ್ನರಾಯಪಟ್ಟಣ
28 ಏಪ್ರಿಲ್ 2025

ರಂಜಿತಾ,

ಕಳೆದ ಗುರುವಾರದ ಪತ್ರಿಕೆ ನಿನ್ನ ಕೈಗೆ ಸಿಕ್ಕಿರಬೇಕು. ಸಿಗದಿದ್ದರೆ ಇರಲಿ ಎಂದು ಒಂದು ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಐದನೆಯ ಪುಟ, ‘ಹಿಂದಿನ ಸೀಟು’ ಅಂಕಣ. ಹನ್ನೊಂದು ವರ್ಷದಿಂದ ಆ ಹೆಸರಿನಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿರುವುದು ಯಾರೆಂದು ಜಿಲ್ಲೆಯಲ್ಲಿ ಇಬ್ಬರಿಗೇ ಗೊತ್ತು, ಸಂಪಾದಕ ಗೌರೀಶನಿಗೆ ಮತ್ತು ನಿನಗೆ. ಆದ್ದರಿಂದ ಬರೆದವರು ಯಾರಪ್ಪಾ ಎಂದು ನೀನು ತಲೆ ಕೆಡಿಸಿಕೊಳ್ಳುವ ಕಷ್ಟವಿಲ್ಲ. ನಾನೇ ಬರೆದೆ. ಒಂದೊಂದು ಸಾಲನ್ನೂ ಬೇಕೆಂದೇ ಬರೆದೆ.

ಮಾರ್ಚ್ ಹತ್ತನೆಯ ತಾರೀಕು ಒಂಬತ್ತನೇ ಕ್ಲಾಸಿನ ಹುಡುಗಿಯರು ಡ್ರಾಯಿಂಗ್ ಪೀರಿಯಡ್ಡಿಗೆ ಓಡಿ ಬಂದರು. ಬಸ್‌ಸ್ಟ್ಯಾಂಡಿನ ಗೋಡೆಗೆ ನಿನ್ನ ‘ಚಿಕ್ಕಮ್ಮನ ಬಸ್ಸು’ ಸಿನಿಮಾದ ಪೋಸ್ಟರ್ ಅಂಟಿಸಿದ್ದಾರೆ, ಅದರಲ್ಲಿ ಚಿಕ್ಕಮ್ಮನ ದನಿ ಎಂದು ಯಾವಳೋ ಬೆಂಗಳೂರಿನ ನಟಿಯ ಹೆಸರು, ಅವಳದೇ ಫೋಟೋ. “ಮಿಸ್, ನಿಮ್ ಹೆಸ್ರು ಎಲ್ಲಿ?” ಎಂದು ಕೇಳಿದರು. ನಿನ್ನ ಟಿ.ವಿ. ಕಾರ್ಟೂನಿನಲ್ಲಿ ಎಂಟು ವರ್ಷ, ನೂರನಾಲ್ಕು ಕಂತು ಚಿಕ್ಕಮ್ಮನಿಗೆ ದನಿ ಕೊಟ್ಟವಳು ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ಪೆದ್ದಿಯ ಹಾಗೆ ನಿಂತಿದ್ದೆ. ಅಕ್ಟೋಬರ್‌ನಿಂದ ನಿನ್ನ ಫೋನಿಲ್ಲ. ಕೆಲಸದ ಗಡಿಬಿಡಿ, ತಾನಾಗಿಯೇ ಕರೆಯುತ್ತಾಳೆ ಎಂದುಕೊಂಡು ನಾನೂ ಸುಮ್ಮನಿದ್ದೆ. ನಿನಗೆ ಒಂದು ಮಾತು ಹೇಳುವಷ್ಟೂ ನಾಲಿಗೆ ಹೊರಳಲಿಲ್ಲ.

ಸಿನಿಮಾ ನೋಡಿದೆ, ಮ್ಯಾಟಿನಿ. ಟಿ.ವಿ.ಯಲ್ಲಿ ಇದ್ದದ್ದು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಒಂದು ಕೆಂಪು ಬಸ್ಸು, ಕಂಡಕ್ಟರ್ ಚಿಕ್ಕಮ್ಮ, ಸೀಟಿಗೆ ಕಿತ್ತಾಡುವ ಎಮ್ಮೆ, ಕಾಗೆ, ಆಡು, ಹನ್ನೊಂದು ನಿಮಿಷ. ಮಕ್ಕಳಿಗೆ ಅಷ್ಟು ಸಾಕಾಗಿತ್ತು. ಈಗ ಆ ಬಸ್ಸಿಗೆ ರೆಕ್ಕೆ ಬಂದಿದೆ, ಅದು ಮಂಜಿನ ದೇಶಕ್ಕೆ ಹಾರುತ್ತದೆ, ಹಾರನ್ ಕದಿಯುವ ಮಾಂತ್ರಿಕನೊಬ್ಬ ಬರುತ್ತಾನೆ. ಇರಲಿ. ನನ್ನ ಮುಂದಿನ ಸಾಲಿನಲ್ಲಿ ಒಂದು ಪುಟ್ಟ ಮಗು, ತೆರೆಯ ಮೇಲೆ ಚಿಕ್ಕಮ್ಮ ನಿಂತು ಮಾತಾಡುತ್ತಿರುವಾಗಲೇ ಅಜ್ಜಿಯ ಸೆರಗು ಜಗ್ಗಿ, “ಅಜ್ಜೀ, ಚಿಕ್ಕಮ್ಮ ಯಾವಾಗ ಬತ್ತಾಳೆ?” ಎಂದಿತು. ನನ್ನ ತಲೆಬರಹ ಅಲ್ಲೇ ಸಿಕ್ಕಿತು. ‘ಬಸ್ಸು ಬಂತು, ಚಿಕ್ಕಮ್ಮ ಬರಲಿಲ್ಲ.’

ಕೊನೆಯ ಪ್ಯಾರಾ ನಿನಗಾಗಿಯೇ ಬರೆದದ್ದು. ಓದಿಲ್ಲ ಎಂದು ನಾಟಕ ಆಡಬಾರದಲ್ಲ, ಅದಕ್ಕೇ ಇಲ್ಲಿ ಮತ್ತೆ ಬರೆಯುತ್ತೇನೆ: ‘ಚಿಕ್ಕಮ್ಮನ ಮಾತು ನಿರ್ದೇಶಕಿಯ ತಾಯಿಯ ಮಾತು ಎಂಬುದು ಅರಕಲಗೂಡಿನ ಪೇಟೆಬೀದಿಗೆಲ್ಲ ಗೊತ್ತು. ಪೋಸ್ಟರಿಗೊಂದು ಚೆಂದದ ಮುಖ ಸಿಕ್ಕಿತೆಂದು ಹೆತ್ತವಳ ದನಿಯನ್ನೇ ಮಾರಿಕೊಂಡವರ ಸಿನಿಮಾಕ್ಕೆ ಈ ಅಂಕಣ ಅರ್ಧ ನಕ್ಷತ್ರವನ್ನೂ ಕೊಡುವುದಿಲ್ಲ.’

ನಿನ್ನ ನಂಬರನ್ನು ಫೋನಿನಿಂದ ತೆಗೆದುಹಾಕಿದ್ದೇನೆ. ಬೈಯುವುದಿದ್ದರೆ ಕಾಗದದಲ್ಲಿ ಬೈಯಿ. ಕೈಯಾದರೂ ನೋಯಲಿ.

ಚಕ್ರೇಶ್ವರಿ


ಹಾಸನ
9 ಮೇ 2025

ಚಕ್ರಿ,

ಕೈ ನೋಯುತ್ತಿಲ್ಲ. ಒಂದು ವಾರ ಕಾದು ಬರೆಯುತ್ತಿದ್ದೇನೆ.

ಬಿಡುಗಡೆಯಾದ ವಾರ ಏನೇನು ಬಂತು ಎಂದು ನಿನಗೂ ಗೊತ್ತಿರಲಿ. ಬೆಂಗಳೂರಿನ ಒಂದು ದೊಡ್ಡ ಪತ್ರಿಕೆ ಎರಡೂವರೆ ನಕ್ಷತ್ರ ಕೊಟ್ಟು, ಬಣ್ಣ ಚೆನ್ನ, ಕತೆ ಉದ್ದ ಎಂದಿತು. ಇಂಗ್ಲಿಷ್ ಪತ್ರಿಕೆಯವನು ಹಿನ್ನೆಲೆ ಸಂಗೀತವನ್ನು ಹೊಗಳಿ, ಎಂಟು ಕಂತುಗಳನ್ನು ಹೊಲಿದ ಹಾಗಿದೆ ಎಂದ. ಯೂಟ್ಯೂಬಿನಲ್ಲಿ ಒಬ್ಬಾಕೆ ಕಾರಿನೊಳಗೆ ಕೂತು, ಮಕ್ಕಳು ನಕ್ಕರು, ಅವರ ಜೊತೆ ನಾನೂ ನಕ್ಕೆ ಎಂದಳು. ಕುಂಟುತ್ತಲಾದರೂ ಬಸ್ಸು ಓಡುತ್ತಿತ್ತು. ಆಮೇಲೆ ನಿನ್ನ ತಲೆಬರಹ ಹೊರಬಿತ್ತು. ಸಿನಿಮಾ ನೋಡದವರೂ ಅದನ್ನೇ ಎತ್ತಿ ಹಾಕಿಕೊಂಡರು. ಎರಡೂವರೆ ನಕ್ಷತ್ರ ಕೊಟ್ಟವನೇ ಮುಂದಿನ ಭಾನುವಾರ ಇನ್ನೊಂದು ಲೇಖನ ಬರೆದು ನಿನ್ನ ಸಾಲನ್ನು ತನ್ನದೆಂಬಂತೆ ಬಳಸಿದ. ಹಾಸನದಲ್ಲಿ ನಾಲ್ಕು ಆಟ ಒಂದಕ್ಕೆ ಇಳಿಯಿತು. ಹೊಳೆನರಸೀಪುರದಲ್ಲಿ ಶುಕ್ರವಾರವೇ ತೆಗೆದರು. ಅರಕಲಗೂಡಿಗೆ ಬರಲೇ ಇಲ್ಲ. ನಮ್ಮ ಊರಿನ ಬಸ್ಸು ನಮ್ಮ ಊರಿಗೇ ಹೋಗಲಿಲ್ಲ.

ರೆಕ್ಕೆಯ ಬಗ್ಗೆ ನೀನು ಬರೆದದ್ದು ಸರಿ. ಮಂಜಿನ ಬಗ್ಗೆಯೂ ಸರಿ. ಅವು ನಿರ್ಮಾಪಕರ ಹಟ, ನಾನು ಸೋತೆ. ಅದಕ್ಕೆ ನೀನು ಉಗಿದಿದ್ದರೆ ಒರೆಸಿಕೊಂಡು ನಿನ್ನ ಮನೆಗೇ ಕಾಫಿಗೆ ಬರುತ್ತಿದ್ದೆ. ಆದರೆ ನೀನು ನಮ್ಮಮ್ಮನನ್ನು ಎಳೆದೆ. ನೀಲಗಂಗಮ್ಮ ಸತ್ತು ಆರು ವರ್ಷ. ಅವಳ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ಅವಳ ರೊಟ್ಟಿ ತಿಂದು, ಅವಳ ಮಾತಿನ ಧಾಟಿಯನ್ನು ಕಲಿತವಳು ನೀನು. ಅವಳ ಹೆಸರನ್ನು ಬೀದಿಗೆ ತರಲು ನಿನಗೆ ಮನಸ್ಸಾದರೂ ಹೇಗೆ ಬಂತು? ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ.

ಒಂದು ಮಾತು ಹೇಳಲಿಲ್ಲ ಎಂದು ಬರೆದಿದ್ದೀಯ. ಅದನ್ನು ಬರೆಯುವಾಗ ನಿನಗೆ ನಾಚಿಕೆಯಾಗಲಿಲ್ಲವೇ ಎಂದು ಮಾತ್ರ ಕೇಳುತ್ತೇನೆ.

ನಾನೂ ಸುಮ್ಮನೆ ಕೂತಿಲ್ಲ. ಗೌರೀಶನ ಪತ್ರಿಕೆಗೆ ಓದುಗರ ಪತ್ರ ಬರೆದಿದ್ದೇನೆ. ‘ಹಿಂದಿನ ಸೀಟಿನಲ್ಲಿ ಕೂತವರು ಇದೇ ಸರಣಿಗೆ ದನಿ ಕೊಟ್ಟಿದ್ದವರು, ಸಿನಿಮಾದಲ್ಲಿ ಅವಕಾಶ ಇಲ್ಲದವರು. ಇದನ್ನು ಮುಚ್ಚಿಟ್ಟು ಬರೆದದ್ದು ವಿಮರ್ಶೆಯೋ ಹೊಟ್ಟೆಯುರಿಯೋ ಎಂದು ಓದುಗರೇ ತೀರ್ಮಾನಿಸಲಿ.’ ಕೆಳಗೆ ನಿನ್ನ ಹೆಸರು, ಊರು ಎರಡನ್ನೂ ಕೊಟ್ಟಿದ್ದೇನೆ. ಸ್ಕೂಲಿನ ಹೆಸರನ್ನು ಬರೆದು ಹೊಡೆದುಹಾಕಿದೆ. ಅಷ್ಟು ಹಳೆಯ ಋಣ ಇನ್ನೂ ಇತ್ತು ಅಂದುಕೊ.

ರಂಜಿತಾ


ಚನ್ನರಾಯಪಟ್ಟಣ
16 ಜೂನ್ 2025

ರಂಜಿತಾ,

ನಿನ್ನ ಓದುಗರ ಪತ್ರ ಮೇ ಇಪ್ಪತ್ತೆರಡಕ್ಕೆ ಅಚ್ಚಾಯಿತು, ಚೌಕಟ್ಟು ಹಾಕಿ. ಅದರ ಮುಂದಿನ ಗುರುವಾರ ಗೌರೀಶ ಫೋನ್ ಮಾಡಿದ. ಪಾಪ, ಅರ್ಧ ಗಂಟೆ ಹವಾಮಾನದ ವಿಷಯವನ್ನೇ ಮಾತಾಡಿದ. ಆಮೇಲೆ, “ಅಕ್ಕಾ, ಏನೂ ತಿಳ್ಕಾಬ್ಯಾಡಿ, ಓದುಗ್ರು ಸುಮ್ಕೆ ಬಿಡ್ತಾ ಇಲ್ಲ” ಎಂದ. ಹನ್ನೊಂದು ವರ್ಷದ ಅಂಕಣ ಹೀಗೆ ಮುಗಿಯಿತು. ಆ ಜಾಗದಲ್ಲಿ ಈಗ ವಾರಭವಿಷ್ಯ ಬರುತ್ತಿದೆ. ತರಕಾರಿ ಅಂಗಡಿಯವಳು ಕೂಡ, ನೀವೇ ಅಂತಲ್ಲ ಮೇಡಂ ಅದು, ಎಂದು ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

ನಮ್ಮ ಅಪ್ಪಾಜಿಗೆ ಎಂಬತ್ತನಾಲ್ಕು. ಕಣ್ಣು ಕಾಣುವುದು ಅಷ್ಟಕ್ಕಷ್ಟೆ, ಆದರೂ ನನ್ನ ಹೆಜ್ಜೆಯ ಸದ್ದಿನಲ್ಲೇ ಸಿಟ್ಟನ್ನು ಕಂಡುಹಿಡಿಯುತ್ತಾರೆ. ಕೂರಿಸಿಕೊಂಡು ಹೇಳಿದರು: ನೀರಿನ ಮೇಲೆ ಗೀರಿದ ಕೋಪ ಇದೆ, ಮಣ್ಣಿನ ಮೇಲೆ ಗೀರಿದ್ದಿದೆ, ಕಲ್ಲಿನ ಮೇಲೆ ಗೀರಿದ್ದೂ ಇದೆ. ಆರು ತಿಂಗಳು ದಾಟಿದರೆ ಅದು ಕಲ್ಲಿನದಾಯಿತು ಅಂತ ತಿಳಿ, ಜನ್ಮಜನ್ಮಕ್ಕೂ ಬಿಡುವುದಿಲ್ಲ. ಅಷ್ಟರೊಳಗೆ ಬಿಟ್ಟುಬಿಡವ್ವ, ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬರಲ್ಲ. ಇನ್ನೂ ಮೂರು ತಿಂಗಳು ಇದೆಯಲ್ಲ ಅಪ್ಪಾಜಿ ಎಂದೆ. ಅವರು ನಗಲಿಲ್ಲ.

ಸ್ಕೂಲು ಶುರುವಾದ ವಾರ ಮಕ್ಕಳು ಸಿನಿಮಾದ ವಿಷಯ ತೆಗೆದರು. ನಾನು ಏನನ್ನೂ ಹೇಳಿಕೊಡಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಅಂಚೆ ಕಾರ್ಡು ಕೊಟ್ಟು, ಒಂದು ಕಡೆ ನಿಮ್ಮ ಚಿಕ್ಕಮ್ಮನ ಚಿತ್ರ ಬರೆಯಿರಿ, ಇನ್ನೊಂದು ಕಡೆ ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಬರೆಯಿರಿ ಎಂದೆ, ಅಷ್ಟೆ. ವಿಳಾಸವನ್ನು ಮಾತ್ರ ಬೋರ್ಡಿನ ಮೇಲೆ ನಾನು ಬರೆದೆ. ನಿನ್ನ ಸಿನಿಮಾವನ್ನು ಕೊಳ್ಳಲಿರುವ ಟಿ.ವಿ. ಚಾನೆಲ್ಲಿನ ವಿಳಾಸ. ನೂರ ಅರವತ್ತಮೂರು ಕಾರ್ಡು. ಆರನೇ ಕ್ಲಾಸಿನ ಒಬ್ಬಳು, ಆ ಚಿಕ್ಕಮ್ಮನನ್ನು ಬಸ್ಸಿನಿಂದ ಇಳಿಸಿ, ನಮ್ಮ ಚಿಕ್ಕಮ್ಮನನ್ನು ಹತ್ತಿಸಿಕೊಳ್ಳಿ ಎಂದು ಬರೆದಿದ್ದಳು. ಎರಡು ಚೀಲದಲ್ಲಿ ತುಂಬಿಕೊಂಡು ಹೋಗಿ ನಾನೇ ಪೋಸ್ಟಾಫೀಸಿಗೆ ಕೊಟ್ಟು ಬಂದೆ. ಬರುವಾಗ ಮೈ ಹಗುರವಾಗಿತ್ತು, ಸುಳ್ಳೇಕೆ ಹೇಳಲಿ.

ಚಕ್ರೇಶ್ವರಿ


ಹಾಸನ
12 ಜುಲೈ 2025

ಚಕ್ರೇಶ್ವರಿ,

ಗೆದ್ದೆ ನೀನು. ಜೂನ್ ಇಪ್ಪತ್ತಕ್ಕೆ ಚಾನೆಲ್ಲಿನವರು ನನ್ನನ್ನು ಕರೆಸಿದರು. ಮೇಜಿನ ಮೇಲೆ ನಿನ್ನ ಮಕ್ಕಳ ಕಾರ್ಡುಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿದ್ದರು. ಮಕ್ಕಳಿಗೇ ಬೇಡವಾದ ಮಕ್ಕಳ ಸಿನಿಮಾ ನಮಗೇಕೆ ಮೇಡಂ ಎಂದರು. ಸಿನಿಮಾ ಬೇಡ, ಮುಂದಿನ ವರ್ಷದ ಸರಣಿಯೂ ಬೇಡ. ಸ್ಟುಡಿಯೋದಲ್ಲಿ ಹದಿನಾಲ್ಕು ಜನ ಇದ್ದೆವು. ಈಗ ಐದು ಜನ. ಎಮ್ಮೆಯ ನಡಿಗೆಯನ್ನು ಅಷ್ಟು ಚೆನ್ನಾಗಿ ಬರೆಯುತ್ತಿದ್ದ ಕಟ್ಟಾಯದ ಬಸವೇಶ ಈಗ ಮದುವೆಮನೆಗಳ ಫ್ಲೆಕ್ಸ್ ಮಾಡುತ್ತಿದ್ದಾನೆ.

ಚಾನೆಲ್ಲಿನಿಂದ ಬಂದವಳು ಸೀದಾ ಡಬ್ಬಿಂಗ್ ರೂಮಿಗೆ ಹೋದೆ. ಮಾನ್ಯ ಎಂದು ಇಲ್ಲಿಯ ನಾಟಕದ ಹುಡುಗಿ ಒಬ್ಬಳಿದ್ದಾಳೆ, ಚುರುಕು. ಅವಳನ್ನು ಕೂರಿಸಿ ದಿನಕ್ಕೆ ಆರು ಕಂತಿನಂತೆ ನೂರನಾಲ್ಕು ಕಂತಿಗೂ ಹೊಸದಾಗಿ ದನಿ ತುಂಬಿಸಿದೆ. ಯೂಟ್ಯೂಬಿನಲ್ಲಿದ್ದ ಹಳೆಯ ಕಂತುಗಳನ್ನೆಲ್ಲ ತೆಗೆದು ಹೊಸವನ್ನು ಹಾಕಿ ಇವತ್ತಿಗೆ ಮೂರು ದಿನ. ಕೊನೆಯಲ್ಲಿ ಓಡುವ ಹೆಸರುಗಳಲ್ಲಿಯೂ ನಿನ್ನದನ್ನು ತೆಗೆದಿದ್ದೇನೆ. “ಸರ್ಕಳ್ರಪ್ಪಾ, ಇನ್ನೊಬ್ರಿಗೆ ಜಾಗ ಐತೆ” ಎಂದು ಈಗ ಮಾನ್ಯ ಹೇಳುತ್ತಾಳೆ. ನಮ್ಮಮ್ಮನ ಹಾಗೆ ಇಲ್ಲ. ಪರವಾಗಿಲ್ಲ, ನಿನ್ನ ಹಾಗೂ ಇಲ್ಲ.

ಇದನ್ನು ಮಾಡುವ ಮುಂಚೆ ಒಂದು ರಾತ್ರಿಯೂ ನಿದ್ದೆಗೆಡಲಿಲ್ಲ. ಯಾಕೆ ಗೊತ್ತೇ? ಹೋದ ವರ್ಷ ಅಕ್ಟೋಬರ್ ಹದಿನಾಲ್ಕರಂದು, ವಿಜಯದಶಮಿ ಕಳೆದ ಸೋಮವಾರ, ಇದೇ ರೂಮಿನಲ್ಲಿ ಎರಡು ಕುರ್ಚಿ ಹಾಕಿಸಿ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕಾದಿದ್ದೆ. ನಿರ್ಮಾಪಕರು ಗಡಿಯಾರ ನೋಡುತ್ತಿದ್ದರು, ನಾನು ಬಾಗಿಲು ನೋಡುತ್ತಿದ್ದೆ. ಅಷ್ಟು ಬೇಡಿಕೊಂಡು ಕಾಗದ ಬರೆದರೂ ಬರಲಿಲ್ಲ ನೀನು. ಈಗ ಹೇಳಲಿಲ್ಲ, ಕೇಳಲಿಲ್ಲ ಎಂದು ಊರಿಗೆಲ್ಲ ಸಾರುತ್ತೀಯ.

ರಂಜಿತಾ


ಚನ್ನರಾಯಪಟ್ಟಣ
21 ಜುಲೈ 2025

ರಂಜಿತಾ,

ಯಾವ ಅಕ್ಟೋಬರ್ ಹದಿನಾಲ್ಕು? ಯಾವ ಕಾಗದ? ಮಾಡಿದ ದ್ರೋಹ ಸಾಲದೆಂದು ಅದರ ಮೇಲೊಂದು ಸುಳ್ಳು ಬೇರೆ. ನನಗೆ ಕಾಗದವೂ ಬಂದಿಲ್ಲ, ಕರೆಯೂ ಬಂದಿಲ್ಲ. ಎರಡು ಕುರ್ಚಿಯಂತೆ. ಸಿನಿಮಾದಲ್ಲಿ ಬರೆಯಲಾಗದ ದೃಶ್ಯವನ್ನು ಕಾಗದದಲ್ಲಿ ಚೆನ್ನಾಗಿ ಬರೆದಿದ್ದೀಯ.

ನಿನಗೆ ಒಂದು ವಿಷಯ ಗೊತ್ತಿಲ್ಲ. ಹೇಳಬಾರದು ಅಂದುಕೊಂಡಿದ್ದೆ, ಈಗ ಹೇಳುತ್ತೇನೆ, ನಿನಗೆ ಚುಚ್ಚಲಿ ಅಂತಲೇ ಹೇಳುತ್ತೇನೆ. ಡಿಸೆಂಬರ್‌ನಲ್ಲಿ ನನಗೆ ಥೈರಾಯ್ಡ್ ಗಂಟಿನ ಆಪರೇಷನ್ ಆಯಿತು. ದನಿ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ದನಿ ಪೂರ್ತಿ ಹೋಗಲಿಲ್ಲ, ಆದರೆ ಬಂದದ್ದು ನನ್ನದಲ್ಲ. ಒಡಕು ಮಡಕೆಯ ಸದ್ದು. ಕ್ಲಾಸಿನಲ್ಲಿ ಚಪ್ಪಾಳೆ ತಟ್ಟಿ ಮಕ್ಕಳನ್ನು ಕರೆಯುತ್ತೇನೆ. ಇನ್ನು ಎಂದಿಗೂ ನಾನು ಚಿಕ್ಕಮ್ಮ ಆಗಲಾರೆ. ನನ್ನ ದನಿ ಈ ಭೂಮಿಯ ಮೇಲೆ ಉಳಿದಿದ್ದುದು ಆ ನೂರನಾಲ್ಕು ಕಂತಿನಲ್ಲಿ.

ನಮ್ಮಲ್ಲಿ ಹೊತ್ತು ಮುಳುಗುವ ಮುಂಚೆ ಊಟ. ಊಟವಾದ ಮೇಲೆ ಅಪ್ಪಾಜಿ ದಿನವೂ ಎರಡು ಕಂತು ಕೇಳುತ್ತಾರೆ. ನೋಡಲಾಗುವುದಿಲ್ಲವಲ್ಲ, ಕೇಳುತ್ತಾರೆ. ಈ ತಿಂಗಳ ಒಂಬತ್ತಕ್ಕೆ ಎಂದಿನಂತೆ ಹಾಕಿಕೊಟ್ಟು ಪಾತ್ರೆ ತೊಳೆಯಲು ಹೋದೆ. ಒಳಗಿನಿಂದ ಕೂಗಿದರು, “ಯಾರಮ್ಮಾ ಇವ್ಳು? ಚಿಕ್ಕಮ್ಮ ಎಲ್ಲೋದ್ಲು?” ನಿನ್ನ ಕಾಗದ ಮಾರನೆಯ ವಾರ ಬಂತು. ಅದಕ್ಕೂ ಮುಂಚೆ ನನಗೆ ಗೊತ್ತಾದದ್ದು ಹೀಗೆ. ಕೈ ಒರೆಸಿಕೊಂಡು ಹೋಗಿ ಅವರ ಪಕ್ಕ ಕೂತೆ. ನೀನೇ ಒಂದ್ಸಲ ಹೇಳವ್ವ ಎಂದರು. ಹೇಳಿದೆ. “ಸರ್ಕಳ್ರಪ್ಪಾ” ಎನ್ನುವಷ್ಟರಲ್ಲೇ ದನಿ ಒಡೆಯಿತು. ಅವರು ನನ್ನ ಕೈ ತಡವಿ, “ಇರ್ಲಿ ಬಿಡವ್ವ” ಎಂದರು.

ಆ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಿನ್ನನ್ನೂ ಮರೆಯುವುದಿಲ್ಲ. ಆರು ತಿಂಗಳಲ್ಲ, ಅಪ್ಪಾಜಿ ಹೇಳಿದ ಎಲ್ಲ ಜನ್ಮಗಳೂ ಆಗಲಿ.

ಚಕ್ರೇಶ್ವರಿ


ಹಾಸನ
4 ಆಗಸ್ಟ್ 2025

ಚಕ್ರಿ,

ಗಂಟಲಿನ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಕೆಲಸ ಮಾಡುತ್ತಿರಲಿಲ್ಲ. ಇದನ್ನು ನಾಲ್ಕು ಸಲ ಬರೆದು ಹರಿದು, ಐದನೆಯ ಸಲ ಬರೆಯುತ್ತಿದ್ದೇನೆ.

ನಿನ್ನ ದನಿ ಅಳಿದಿಲ್ಲ. ಹಳೆಯ ಟ್ರ್ಯಾಕುಗಳೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿ ನನ್ನ ಹತ್ತಿರ ಭದ್ರವಾಗಿವೆ. ಮತ್ತೆ ಹಾಕುವುದು ಮೂರು ದಿನದ ಕೆಲಸ. ಹಾಕಿಬಿಡೋಣ ಎಂದು ಎದ್ದೆ, ಮತ್ತೆ ಕೂತೆ. ಮೊದಲು ನನಗೆ ಒಂದು ಉತ್ತರ ಬೇಕು. ಕಾಗದ ಬಂದಿಲ್ಲ ಎನ್ನುತ್ತೀಯಲ್ಲ, ಅದು ಹೇಗೆ? ನಿಮ್ಮ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಮನ್ನಿಸಿ ಎಂದು ನೀನು ಎಲ್ಲರಿಗೂ ಕಾರ್ಡು ಹಾಕುತ್ತೀಯ. ಇಪ್ಪತ್ತೆರಡು ವರ್ಷದಿಂದ ನನಗೂ ಹಾಕಿದ್ದೀಯ, ನಾನು ಇಪ್ಪತ್ತೆರಡು ಸಲವೂ ಉತ್ತರ ಬರೆದಿದ್ದೇನೆ. ಹೋದ ವರ್ಷದ ಉತ್ತರದಲ್ಲೇ ಎಲ್ಲವನ್ನೂ ಬರೆದಿದ್ದೆ. ಸೆಪ್ಟೆಂಬರ್ ಇಪ್ಪತ್ತೈದನೆಯ ತಾರೀಕು, ನಾನೇ ಹೋಗಿ ಸ್ಪೀಡ್ ಪೋಸ್ಟ್ ಮಾಡಿದ್ದು. ನಿನ್ನ ಮನೆಯಲ್ಲಿ ಸಹಿ ಹಾಕಿ ತೆಗೆದುಕೊಂಡಿದ್ದಾರೆ.

ರಂಜಿ


ಚನ್ನರಾಯಪಟ್ಟಣ
14 ಆಗಸ್ಟ್ 2025

ರಂಜಿತಾ,

ಸಹಿ ನನ್ನದೇ. ಲಕೋಟೆ ಬಂದಿದೆ. ಓದಿಲ್ಲ.

ಕ್ಷಮಾವಣಿಯ ಉತ್ತರಗಳನ್ನು ನಮ್ಮ ಮನೆಯಲ್ಲಿ ಒಡೆಯುವ ಪದ್ಧತಿ ಇಲ್ಲ. ಕೇಳುವುದು ನಮ್ಮ ಧರ್ಮ, ಕೊಡುವುದು ಬಿಡುವುದು ಅವರದು. ಕೊಟ್ಟರೋ ಇಲ್ಲವೋ ಎಂದು ಇಣುಕಿ ನೋಡಿದರೆ ಅದು ಕ್ಷಮೆಯಲ್ಲ, ವ್ಯಾಪಾರ. ಅಪ್ಪಾಜಿ ಪಾತ್ರೆ ಅಂಗಡಿ ನಡೆಸುತ್ತಿದ್ದಾಗಿನಿಂದ ಹೀಗೆಯೇ. ಬಂದ ಲಕೋಟೆಗಳಿಗೆ ಅರಿಶಿನದ ದಾರ ಕಟ್ಟಿ ಟ್ರಂಕಿನಲ್ಲಿ ಇಡುತ್ತೇವೆ. ನಿನ್ನವು ಇಪ್ಪತ್ತೆರಡೂ ಅಲ್ಲೇ ಇವೆ. ಎಲ್ಲರೂ ಬರೆಯುವ ಹಾಗೆ, ‘ನಮ್ಮದೂ ತಪ್ಪಿದ್ದರೆ ಮನ್ನಿಸಿ’ ಎಂಬ ಒಂದು ಸಾಲು ಇರುತ್ತದೆ ಎಂದುಕೊಂಡಿದ್ದೆ.

ಈಗಲೂ ಒಡೆಯುವುದಿಲ್ಲ. ನೀನು ಹೇಳಿದೆ ಎಂದು ಮನೆಯ ಪದ್ಧತಿ ಮುರಿಯಲೇ? ಅಷ್ಟು ದೊಡ್ಡ ವಿಷಯವಾಗಿದ್ದರೆ ಫೋನ್ ಮಾಡಬೇಕಿತ್ತು.

ಚಕ್ರೇಶ್ವರಿ


ಚನ್ನರಾಯಪಟ್ಟಣ
8 ಸೆಪ್ಟೆಂಬರ್ 2025, ಕ್ಷಮಾವಣಿ

ರಂಜಿ,

ಈ ವರ್ಷ ಅಚ್ಚು ಹಾಕಿದ ಕಾರ್ಡು ಕಳಿಸುತ್ತಿಲ್ಲ. ಇದು ಉದ್ದ ಕಾಗದ.

ಇವತ್ತು ಬೆಳಗ್ಗೆ ಬಸದಿಯಿಂದ ಬಂದು ಅಪ್ಪಾಜಿಯ ಕಾಲು ಮುಟ್ಟಿ ಕ್ಷಮೆ ಕೇಳಿದೆ. ಎಲ್ಲರ ಹತ್ತಿರವೂ ಕೇಳಿದೆಯಾ ಎಂದರು. ಒಬ್ಬಳನ್ನು ಬಿಟ್ಟು ಎಂದೆ. ನಾಡಿದ್ದಿಗೆ ಆರು ತಿಂಗಳು, ನೋಡವ್ವ, ಎಂದರು. ನಿನ್ನ ಕಾಗದದ ವಿಷಯವನ್ನು ಅವರಿಗೆ ಮೊದಲ ಸಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಮನ್ನಿಸಿದ್ರಾ ಅಂತ ನೋಡ್ಬ್ಯಾಡ ಅಂದಿದ್ದೆ ಕಣವ್ವ. ಅವ್ರ ಕಷ್ಟ ಏನು ಅಂತ ನೋಡ್ಬ್ಯಾಡ ಅಂದಿರ್ಲಿಲ್ಲ” ಎಂದರು. ಟ್ರಂಕನ್ನು ಅವರೇ ಎಳೆಸಿದರು.

ಇಪ್ಪತ್ತೆರಡನ್ನೂ ಒಡೆದೆ. ಒಂದು ಸಾಲಿನ ಕಾಗದ ಒಂದೂ ಇರಲಿಲ್ಲ. 2008ರಲ್ಲಿ ನಿನ್ನ ಹೊಟ್ಟೆಯಲ್ಲಿ ನಿಲ್ಲದೆ ಹೋದ ಮಗುವಿನ ವಿಷಯ ಬರೆದಿದ್ದೀಯ. ಆ ತಿಂಗಳು ನಾನು ನಿನ್ನ ಜೊತೆ ಹಾಸನದಲ್ಲಿ ಸೀರೆ ಅಂಗಡಿ ಸುತ್ತುತ್ತಿದ್ದೆ. ನೀನು ಯಾಕೆ ಯಾವ ಸೀರೆಯನ್ನೂ ಆರಿಸಲಿಲ್ಲ ಎಂದು ಇವತ್ತು ಗೊತ್ತಾಯಿತು. 2019ರಲ್ಲಿ ನಿಮ್ಮಮ್ಮ ಹೋದ ವರ್ಷದ ಕಾಗದ ನಾಲ್ಕು ಹಾಳೆ. ಶಿವಗಣಾರಾಧನೆಗೆ ಬಂದಾಗ ಹೇಳಲು ಆಗಲಿಲ್ಲ ಚಕ್ರಿ, ಅಮ್ಮ ಕೊನೆಯ ಮೂರು ದಿನ ನಿನ್ನ ಕಂತುಗಳನ್ನೇ ಕಿವಿಯ ಹತ್ತಿರ ಇಡಿಸಿಕೊಂಡು, ನನ್ನಂಗೇ ಮಾತಾಡ್ತಾಳೆ ಕಣೇ ಎಂದು ನಗುತ್ತಿದ್ದಳು, ಅಮ್ಮನ ದನಿ ಇನ್ನು ಇರುವುದು ನಿನ್ನ ಗಂಟಲಿನಲ್ಲಿ, ಜೋಪಾನ, ಎಂದು ಬರೆದಿದ್ದೀಯ. ಅದನ್ನು ಓದಿ ಕೈಯನ್ನು ಕುತ್ತಿಗೆಯ ಹೊಲಿಗೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಇಂಥ ಕಾಗದ ಬಂದ ಮನೆಯಿಂದಲೇ, ಹೆತ್ತವಳ ದನಿಯನ್ನು ಮಾರಿಕೊಂಡವಳು ಎಂದು ನಿನ್ನನ್ನು ಬರೆದೆ.

ಹೋದ ವರ್ಷದ್ದನ್ನು ಕೊನೆಗೆ ಒಡೆದೆ, ಅದರಲ್ಲಿ ನಿನ್ನ ಮಾತುಗಳು ಇವು. ನಿರ್ಮಾಪಕರಿಗೆ ಹೆಸರಿರುವ ನಟಿ ಬೇಕು, ನಾನು ಜಗಳ ಆಡಿ ಒಂದು ದಿನ ಪಡೆದಿದ್ದೇನೆ, ಅಕ್ಟೋಬರ್ ಹದಿನಾಲ್ಕಕ್ಕೆ ಇಬ್ಬರ ದನಿಯನ್ನೂ ಕೇಳುತ್ತಾರೆ, ನೀನು ಬಾಯಿ ತೆರೆದರೆ ಸಾಕು ಅವರು ಸೋಲುತ್ತಾರೆ. ಎಂಟು ವರ್ಷ ಮಾಡಿದವಳನ್ನು ಪರೀಕ್ಷೆಗೆ ಕರೆಯಲು ನನಗೇ ನಾಚಿಕೆ, ಅದಕ್ಕೇ ಫೋನಿನಲ್ಲಿ ಕೇಳುತ್ತಿಲ್ಲ. ಅವಮಾನ ಅನ್ನಿಸಿದರೆ ಬರಬೇಡ, ನಾನು ಆ ಮಾತನ್ನು ಮತ್ತೆ ಎತ್ತುವುದಿಲ್ಲ. ಹೀಗೆ ಬರೆದಿದ್ದೀಯ. ನೀನು ಹೇಳಿದ ಮಾತಿನಂತೆ ಈ ಜುಲೈವರೆಗೂ ಮತ್ತೆ ಎತ್ತಲೂ ಇಲ್ಲ. ಆ ದಿನ ನನ್ನ ಗಂಟಲು ನೆಟ್ಟಗಿತ್ತು ರಂಜಿ. ಆ ಸೋಮವಾರ ನಾನು ಮನೆಯಲ್ಲಿ ಕೂತು, ಯಾವುದೋ ಸಿನಿಮಾವನ್ನು ಹಿಂದಿನ ಸೀಟಿನಿಂದ ಬೈಯುತ್ತಾ ಬರೆಯುತ್ತಿದ್ದೆ.

ತಿಳಿಯದೆ ಮಾಡಿದ್ದು ಒಂದು, ಒಡೆಯದೆ ಬಿಟ್ಟದ್ದು. ಉಳಿದದ್ದೆಲ್ಲ ತಿಳಿದೇ ಮಾಡಿದ್ದು, ವಿಮರ್ಶೆ, ಮಕ್ಕಳ ಕಾರ್ಡು, ಬಸವೇಶನ ಕೆಲಸ. ಎರಡಕ್ಕೂ ನಿನ್ನ ಕ್ಷಮೆ ಕೇಳುತ್ತೇನೆ. ನೀನು ಹೂಂ ಎಂದರೆ ಗೌರೀಶನ ಪತ್ರಿಕೆಯಲ್ಲಿ ನನ್ನ ಹೆಸರು ಹಾಕಿಯೇ ಎಲ್ಲವನ್ನೂ ಬರೆಯುತ್ತೇನೆ. ನಿನಗೆ ಉತ್ತರ ಬೇಕಿತ್ತು, ಉತ್ತರ ಇದು. ಇನ್ನು ನಾನು ಕೇಳುವುದು ಒಂದೇ. ನನಗಾಗಿ ಬೇಡ, ಅಪ್ಪಾಜಿಗಾಗಿ, ನಿಮ್ಮಮ್ಮನಿಗಾಗಿ, ಆ ಹಳೆಯ ದನಿಯನ್ನು ಮತ್ತೆ ಹಾಕು. ಅವರು ಈಗ ಕಂತು ಕೇಳುವುದನ್ನು ಬಿಟ್ಟಿದ್ದಾರೆ. ಊಟವಾದ ಮೇಲೆ ಸುಮ್ಮನೆ ಕೂತಿರುತ್ತಾರೆ.

ಈ ಸಲ ನಿನ್ನ ಉತ್ತರವನ್ನು ಪೋಸ್ಟ್‌ಮ್ಯಾನ್ ಮುಂದೆಯೇ ಒಡೆಯುತ್ತೇನೆ.

ನಿನ್ನ ಚಕ್ರಿ


(ಅಂಚೆ ಕಾರ್ಡು)

ಹಾಸನ
22 ಸೆಪ್ಟೆಂಬರ್ 2025

ಶ್ರೀಮತಿ ಚಕ್ರೇಶ್ವರಿ ಅವರಿಗೆ,

ನಿಮ್ಮ ಲಕೋಟೆ ಹನ್ನೆರಡನೆಯ ತಾರೀಕು ತಲುಪಿತು. ದಪ್ಪಗಿದೆ. ಒಡೆದಿಲ್ಲ. ನೀವು ಆಗಸ್ಟ್‌ನಲ್ಲಿ ತಿಳಿಸಿದ ನಿಮ್ಮ ಮನೆಯ ಪದ್ಧತಿ ನನಗೂ ಹಿಡಿಸಿತು.

ನಿಮ್ಮ ಮನೆಯಲ್ಲಿ ಲಕೋಟೆ ಒಡೆಯುವುದಿಲ್ಲವಲ್ಲ, ಅದಕ್ಕೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಪೋಸ್ಟ್‌ಮ್ಯಾನ್ ಓದಲಿ, ತೊಂದರೆಯಿಲ್ಲ.

ಇಪ್ಪತ್ತೆರಡು ವರ್ಷ ಬಾಯಿಬಿಟ್ಟು ಯಾರಿಗೂ ಹೇಳಲಾಗದ್ದನ್ನು ವರ್ಷಕ್ಕೊಮ್ಮೆ ನಿಮಗೆ ಬರೆದೆ. ಆಮೇಲೆ ಭೇಟಿಯಾದಾಗ ನೀವು ಒಮ್ಮೆಯೂ ಅದರ ಮಾತೆತ್ತುತ್ತಿರಲಿಲ್ಲ. ನೋಯಿಸಬಾರದೆಂದು ಸುಮ್ಮನಿದ್ದಾಳೆ, ಎಂಥ ದೊಡ್ಡ ಮನಸ್ಸು ಎಂದುಕೊಂಡಿದ್ದೆ. ನಮ್ಮಮ್ಮನಿಗೂ ಹಾಗೇ ಹೇಳಿದ್ದೆ.

ಆರು ತಿಂಗಳ ಗಡುವು ನಿಮ್ಮ ಶಾಸ್ತ್ರದ್ದು. ನಮ್ಮಲ್ಲಿ ಅಂಥದ್ದಿಲ್ಲ.

ಹಾರ್ಡ್ ಡಿಸ್ಕು ನಮ್ಮಮ್ಮನ ಪೆಟ್ಟಿಗೆಯಲ್ಲಿದೆ. ನಿಮ್ಮ ಲಕೋಟೆಯನ್ನು ಅದರ ಮೇಲಿಟ್ಟು, ಎರಡಕ್ಕೂ ಸೇರಿಸಿ ದಾರ ಕಟ್ಟಿದ್ದೇನೆ.

ರಂಜಿತಾ